ವಯಸ್ಸು ಹಾಕಿದ ಲಗ್ನಪತ್ರಿಕೆ

ಮೊಮ್ಮಗಳು ಮೊನ್ನೆ ಟಿ.ವಿ.ಯಲ್ಲಿ ಒಂದು ಸಿನಿಮಾ ಹಾಕಿ, ಪಕ್ಕದಲ್ಲಿ ಕೂತು ಕಥೆ ಬಿಡಿಸಿ ಹೇಳಿದಳು. ಯಾವುದೋ ದೇಶದ ಪತ್ರಿಕೆಯವನ ಜೀವನವಂತೆ. ಮರ್ಯಾದಸ್ಥರು ಕಣ್ಣೆತ್ತಿ ನೋಡದಂಥದ್ದನ್ನೆಲ್ಲ ಅಚ್ಚು ಹಾಕಿಸುತ್ತಾನೆ, ಊರೆಲ್ಲ ಉಗಿಯುತ್ತದೆ, ಕೊನೆಗೆ ಕೋರ್ಟು ಅವನ ಪರ ನಿಲ್ಲುತ್ತದೆ. ಮುಗಿದ ಮೇಲೆ ಕೇಳಿದಳು, "ಇಂಥವನನ್ನೂ ಸುಮ್ನೆ ಬಿಡಬೇಕಾ ಅಜ್ಜಿ?"

ಬಿಡಬೇಕು ಅಂದೆ. ಇಂಥವನೊಬ್ಬ ಇಲ್ಲದಿದ್ದರೆ ನೀನು ಹುಟ್ಟುತ್ತಿರಲಿಲ್ಲ ಕಣೆ ಅಂದು, ನಮ್ಮ ಮಧುಗಿರಿಯ ಪ್ರೆಸ್ಸಿನಯ್ಯನ ವಿಷಯ ಹೇಳಿದೆ. ಬರೆದಿಡು ಅಂದಳು, ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ಅವಳು ತಿದ್ದಿಕೊಳ್ಳಲಿ.

ಮಹಾರಾಜರ ಕಾಲ. ಪೇಟೆ ಬೀದಿಯಲ್ಲಿ ಇದ್ದದ್ದು ಒಂದೇ ಪ್ರೆಸ್ಸು. ಅದನ್ನು ನಡೆಸುತ್ತಿದ್ದಾತ ಒಳ್ಳೆಯವನು ಅಂತ ನಾನು ಹೇಳುವುದಿಲ್ಲ. ಬಾಯಿ ಹೊಲಸು. ನಶ್ಯ ಏರಿಸಿ ಕೈಗೆ ಸಿಕ್ಕಿದ ಕಾಗದಕ್ಕೆ ಒರೆಸುತ್ತಿದ್ದ. ವಾರಕ್ಕೊಂದು ಹಾಳೆ ಅಚ್ಚು ಹಾಕುತ್ತಿದ್ದ, ಅದರಲ್ಲಿ ಬೈಸಿಕೊಳ್ಳದವರೇ ಇಲ್ಲ. ತೂಕದಲ್ಲಿ ಮೋಸ ಮಾಡುವ ಅಂಗಡಿಯವರು, ಕೆರೆ ನೀರನ್ನು ತಮ್ಮ ತೋಟಕ್ಕೆ ತಿರುಗಿಸಿಕೊಂಡವರು, ಎಲ್ಲರಿಗೂ ಬಿದ್ದಿತ್ತು. ಆತ ನಮ್ಮ ಲಿಂಗಾಯತರವನೇ. ಅದಕ್ಕೇ ನಮ್ಮವರಿಗೆ ಹೆಚ್ಚು ಉರಿ. ಆದರೂ ಮದುವೆ ಬಂತು ಅಂದರೆ ಲಗ್ನಪತ್ರಿಕೆಗೆ ಆತನ ಬಾಗಿಲಿಗೇ ಹೋಗಬೇಕು.

ನನಗೆ ಹನ್ನೆರಡು ತುಂಬಿದಾಗ ಶಿರಾದಿಂದ ಸಂಬಂಧ ಬಂತು. ಹೆಂಡತಿ ಸತ್ತ ಸಾಹುಕಾರ. ಎಣ್ಣೆ ಗಾಣ, ಮಂಡಿ, ಮಹಡಿ ಮನೆ. ನಮ್ಮಪ್ಪನಿಗಿಂತ ದೊಡ್ಡವನು. ಐವತ್ತು ದಾಟಿದವನು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು ಅಂತ ಮೈಸೂರು ಸರ್ಕಾರದ ಕಾಯಿದೆ ಇತ್ತು. ಅದಕ್ಕೆ ಅವರು ನಲವತ್ತೆಂಟು ಅಂದರು. ಕೇಳಿದವರೆಲ್ಲ ನಲವತ್ತೆಂಟು ಅಂದರು. ಅಪ್ಪ ದುಡ್ಡಿಗೆ ಆಸೆಪಟ್ಟವನಲ್ಲ. ಮಗಳು ದೊಡ್ಡ ಮನೆ ಸೇರಿ ಹೊಟ್ಟೆ ತುಂಬ ಉಣ್ಣಲಿ ಅಂತಷ್ಟೆ. ಅವ್ವ ಬೇಡ ಅಂದಳು. ಯಾರು ಕೇಳಿದರು? ಅವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಅಚ್ಚಾಗಿ ಬಂದ ಪತ್ರಿಕೆಯ ಕಟ್ಟನ್ನು ಬಿಚ್ಚದೆ ದೇವರ ಮುಂದಿಡಬೇಕು. ಬೀಗರು ನೆಂಟರು ಎಲ್ಲ ಕೂತ ಮೇಲೆ ಮನೆಯ ಹಿರಿಯ ಬಿಚ್ಚಿ, ಮೊದಲನೆಯದಕ್ಕೆ ಅರಿಶಿನ ಹಚ್ಚಿ ಗಟ್ಟಿಯಾಗಿ ಓದಬೇಕು. ಹಾಗಾಗಿ ಒಳಗೇನಿದೆ ಅಂತ ಯಾರೂ ನೋಡಿರಲಿಲ್ಲ. ಶಿರಾದಿಂದ ಗಂಡಿನ ತಮ್ಮ ಬಂದಿದ್ದ, ಜೊತೆಗೆ ಅವರ ಸೋದರತ್ತೆ, ಹಣ್ಣು ಮುದುಕಿ. ನಮ್ಮ ದೊಡ್ಡಪ್ಪ ಕನ್ನಡಕ ಏರಿಸಿ ಶುರು ಮಾಡಿದ. ರಾಗ ಹಿಡಿದು ಓದುವವನು. ಗಮನವೆಲ್ಲ ರಾಗದ ಮೇಲೆ. ವರನ ಹೆಸರಾದ ಮೇಲೆ "ವಯಸ್ಸು ಐವತ್ತನಾಲ್ಕು" ಅಂದ. ನನ್ನ ಹೆಸರಾದ ಮೇಲೆ "ವಯಸ್ಸು ಹನ್ನೆರಡು" ಅಂದ. ಮುಹೂರ್ತದ ತನಕ ಹೋಗಿ ಆಮೇಲೆ ನಿಂತ. ನಮ್ಮವರು ಬರೆದುಕೊಟ್ಟದ್ದರಲ್ಲಿ ವಯಸ್ಸೇ ಇರಲಿಲ್ಲ.

ಗಂಡಿನ ತಮ್ಮ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಮುದುಕಿ ಅಂದಳು, "ಐವತ್ನಾಲ್ಕು ಎಲ್ಲೈತಪ್ಪ? ಐವತ್ತಾರು. ಧಾತು ಬರದಾಗ ನಮ್ ಹುಡ್ಗ ನನ್ನ ಸೊಂಟದ ಮ್ಯಾಗಿದ್ದ. ಗಂಜಿ ಕುಡ್ಸಿದ್ದು ನಾನೇ ಕಣಪ್ಪ."

ಹಳಬರು ವಯಸ್ಸಿನ ಲೆಕ್ಕ ಹಾಕುತ್ತಿದ್ದದ್ದೇ ಧಾತು ಸಂವತ್ಸರದ ಆ ದೊಡ್ಡ ಬರಗಾಲದಿಂದ. ಪಾಪ, ಅವಳಿಗೆ ಕಾಯಿದೆ ಏನು ಗೊತ್ತು? ವಯಸ್ಸು ಕಮ್ಮಿ ಮಾಡಿದರೆ ತಾನು ಸಾಕಿದ್ದೂ ಕಮ್ಮಿಯಾಯಿತು ಅಂದುಕೊಂಡಳೇನೋ. ಒಳಗೆ ಒಲೆ ಮುಂದೆ ಅವ್ವ ನಕ್ಕಿದ್ದು ನನಗೆ ಕೇಳಿಸಿತು.

ಗಂಡಸರೆಲ್ಲ ಎದ್ದು ಪ್ರೆಸ್ಸಿಗೆ ನಡೆದರು. ನಾವು ಮಕ್ಕಳು ಹಿಂದೆ ಓಡಿದೆವು. ವಯಸ್ಸು ತೆಗೆದು ಬೇರೆ ಹಾಕಿಕೊಡು, ತಪ್ಪಾಯಿತು ಅಂತ ನಿನ್ನ ಹಾಳೆಯಲ್ಲೂ ಹಾಕು, ಇಲ್ಲದಿದ್ದರೆ ನಮ್ಮವರ ಒಂದು ಕೆಲಸವೂ ನಿನಗಿಲ್ಲ ಅಂದ ದೊಡ್ಡಪ್ಪ. ಆತ ನಶ್ಯದ ಡಬ್ಬಿ ಮುಚ್ಚಿದ.

"ಸುಳ್ಳಾದ್ರೆ ಹೇಳಿ, ಈಗ್ಲೇ ತೆಗೀತೀನಿ. ನಿಜ ಆದ್ರೆ ಒಂದು ಅಚ್ಚಿನ ಮೊಳೆನೂ ಕದಲಾಕಿಲ್ಲ."

ಚಾವಡಿ ಗೋಡೆಗೆ ಒಂದು ಪತ್ರಿಕೆ ಆಗಲೇ ಅಂಟಿಸಿದ್ದೇನೆ ಅಂತಲೂ ಸೇರಿಸಿದ. ಪೊಲೀಸಿನವರು ದಿನಾ ಹಾಯುವ ಗೋಡೆ ಅದು. ಗಂಡಿನ ತಮ್ಮನ ಮುಖ ಸಪ್ಪಗಾಯಿತು. ನಮ್ಮವರಲ್ಲಿ ಯಾರೋ ಸಿಟ್ಟಿಗೆ ಅಚ್ಚಿನ ಮೊಳೆಯ ಪೆಟ್ಟಿಗೆಗಳನ್ನು ಎತ್ತಿ ಬೀದಿಗೆ ಸುರಿದರು. ಸೀಸದ ಅಕ್ಷರಗಳೆಲ್ಲ ಚರಂಡಿ ಪಾಲು. ಶಿರಾದವರು ಆ ಸಂಜೆಯೇ ಗಾಡಿ ಹೂಡಿಸಿದರು, ಮತ್ತೆ ಬರಲಿಲ್ಲ.

ಮಾರನೆ ಬೆಳಿಗ್ಗೆ ಅವ್ವ ರಾಗಿ ಜರಡಿ ತಗೊಂಡು, ನನ್ನನ್ನೂ ಕರೆದುಕೊಂಡು ಹೋಗಿ ಆ ಚರಂಡಿ ಮುಂದೆ ಕೂತಳು. ಕೆಸರು ಎತ್ತಿ ಜರಡಿಗೆ ಹಾಕಿ ನೀರು ಹುಯ್ದರೆ ಅಕ್ಷರ ಮೇಲೆ ಉಳಿಯುತ್ತಿತ್ತು. ಬೀದಿಯ ಹೆಂಗಸೊಬ್ಬಳು, ನಿನ್ನ ಗಂಡ ನೋಡಿದರೆ ಏನಂದಾನು ಅಂದಳು.

"ಅಂದ್ಕಳ್ಳಿ ಬುಡು. ನಾ ಹೇಳಿದ್ದ ಯಾರೂ ಕೇಳ್ನಿಲ್ಲ. ಇವು ಹೇಳಿದ್ದ ಕೇಳಿದ್ರು."

ಅಪ್ಪ ಅದೇ ದಾರಿಯಲ್ಲಿ ಬಂದ. ನಿಂತು ನೋಡಿದ. ನಮ್ಮನ್ನು ಬಳಸಿಕೊಂಡು ಮುಂದೆ ಹೋದ.

ಪ್ರೆಸ್ಸಿನಯ್ಯ ಉಪಕಾರ ನೆನೆದನೇ? ಅದೂ ಇಲ್ಲ. ಅವ್ವ ಆರಿಸಿಕೊಟ್ಟದ್ದನ್ನು ನೋಡಿ, ಒತ್ತಕ್ಷರ ಕಮ್ಮಿ ಇವೆಯಲ್ಲಮ್ಮ ಅಂದ. ಉಳಿದ ಮೊಳೆಯಲ್ಲೇ ಮುಂದಿನ ವಾರ ಅಪ್ಪನ ಮೇಲೆ ಒಂದು ಪದ ಕಟ್ಟಿ ಹಾಕಿದ, ಮಗಳನ್ನು ಮಾರಲು ಹೊರಟವನು ಅಂತ. ಅದು ಸುಳ್ಳು. ಅಪ್ಪ ಎಷ್ಟೋ ಕಾಲ ಸಂತೆ ಕಡೆ ತಲೆ ಹಾಕಲಿಲ್ಲ.

ಇಲ್ಲಿಗೆ ಬಂದಾಗ ಮೊಮ್ಮಗಳು, ಅದಕ್ಕಾದರೂ ಆತನ ಬಾಯಿ ಮುಚ್ಚಿಸಬೇಕಿತ್ತು ಅಂದಳು. ಮುಚ್ಚಿಸಬಹುದಿತ್ತು. ಅದೇ ಬಾಯನ್ನು ಒಂದು ವಾರ ಮುಂಚೆ ಮುಚ್ಚಿಸಿದ್ದರೆ ನಾನು ಶಿರಾದಲ್ಲಿ ಮುದುಕನ ಕಾಲು ಒತ್ತುತ್ತಾ ಕೂತಿರುತ್ತಿದ್ದೆ. ನನಗೆ ಬೇಕಾದ ಮಾತಿಗೆ ಮಾತ್ರ ಬಾಯಿ ತೆರೆಯುವವನು ಎಲ್ಲಿ ಸಿಗುತ್ತಾನೆ? ಅಪ್ಪನನ್ನು ನೋಯಿಸಿದ್ದಕ್ಕೆ ಆತನ ಮೇಲೆ ಇವತ್ತಿಗೂ ಸಿಟ್ಟಿದೆ. ಆದರೂ ದಿನಾ ದೀಪ ಹಚ್ಚುವಾಗ ಆತನನ್ನು ನೆನೆಯುತ್ತೇನೆ.

ನಮ್ಮವರು ಹೇಳಿದ ಹಾಗೇ ಮಾಡಿದರು. ಲಗ್ನಪತ್ರಿಕೆಯ ಕೆಲಸವೆಲ್ಲ ನಿಂತು, ಆತ ಮೆಷಿನ್ನನ್ನು ಗಾಡಿಗೆ ಹೇರಿಕೊಂಡು ಕೊರಟಗೆರೆಗೆ ಹೋದ. ನನಗೆ ಹದಿನಾರಾದಾಗ ಪಾವಗಡದ ಕಡೆ ಸಂಬಂಧ ಕುದುರಿತು. ಮಾತಿಗೆ ತೆಲುಗು ಬೆರೆಸುವ ಹುಡುಗ, ಇಪ್ಪತ್ತೊಂದು ವರ್ಷ. ಅಷ್ಟರಲ್ಲಿ ಮಧುಗಿರಿಗೆ ಬೇರೆ ಪ್ರೆಸ್ಸು ಬಂದಿತ್ತು. ಅಪ್ಪ ಅದರ ಮುಂದೆಯೇ ಹಾದು ಕೊರಟಗೆರೆಗೆ ಹೋದ. ತಿರುಗಿ ಬಂದು ಅವ್ವನಿಗೆ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ಆತ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ವಯಸ್ಸು ಹಾಕ್ಲಾ?" ಅಂದನಂತೆ.

"ಹಾಕು," ಅಂದನಂತೆ ಅಪ್ಪ. "ದಪ್ಪಕ್ಷರದಾಗೆ ಹಾಕು."

ಆ ಪತ್ರಿಕೆ ನನ್ನ ಹತ್ತಿರ ಇದೆ. ಕೆಲವು ಅಕ್ಷರದ ಮೂತಿ ಚಪ್ಪಟೆ. ನಾವು ಚರಂಡಿಯಲ್ಲಿ ಆರಿಸಿದವೇ ಇರಬೇಕು.