ನಾರಾಯಣಸ್ವಾಮಿಯವರ ಶೇಕಡ ಹತ್ತು

ಮುಫೀದಾ ನಾರಾಯಣಸ್ವಾಮಿಯವರನ್ನು ಮೊದಲು ನೋಡಿದಾಗ ಅವಳಿಗೆ ಒಂಬತ್ತು ವರ್ಷ. ಅವಳ ಮನೆಯವರು ದೋಹಾದ ಅಲ್ ಹಿಲಾಲ್‌ನ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಸಾಮಾನು ಇಳಿಸಿದ ದಿನವದು. ಎದುರುಮನೆಯಿಂದ ಅಳತೆಯ ಟೇಪು ಹಿಡಿದು ಬಂದವರೊಬ್ಬರು, ಯಾರೂ ಕೇಳದಿದ್ದರೂ ಕಿಟಕಿಯನ್ನು ಅಳೆದೇಬಿಟ್ಟರು.

"ಪರದೆಗೆ ಐದು ಮೀಟರ್ ಸಾಕು ನಿಯಾಝ್ ಅವರೇ. ಐದೂವರೆ ತನ್ನಿ."

"ಸಾಕು ಅಂತ ನೀವೇ ಹೇಳಿದ್ದಲ್ವಾ ಮಾರಾಯ್ರೆ!" ಎಂದು ಅವಳ ಬಾಪ ನಕ್ಕರು.

"ಕಡಿಮೆ ಬಿದ್ರೆ ಏನ್ಮಾಡ್ತೀರಿ? ಹತ್ತು ಪರ್ಸೆಂಟ್ ಯಾವಾಗ್ಲೂ ಜಾಸ್ತಿ ಇರ್ಬೇಕು."

ಉಳಿದ ಅರ್ಧ ಮೀಟರಿನಲ್ಲಿ ಅವರ ಹೆಂಡತಿ ವಿಜಯಮ್ಮ ಮುಫೀದಾಳಿಗೊಂದು ಕೈಚೀಲ ಹೊಲಿದುಕೊಟ್ಟರು.

ಮೈಸೂರಿನವರಾದ ನಾರಾಯಣಸ್ವಾಮಿ ಊರಹೊರಗಿನ ಕೈಗಾರಿಕಾ ಪಟ್ಟಣ ಮೆಸಯೀದ್‌ನಲ್ಲಿ ಗುತ್ತಿಗೆ ಕಂಪನಿಯೊಂದರ ಎಸ್ಟಿಮೇಟರ್. ಕೆಲಸಕ್ಕೆ ಎಷ್ಟು ಸಿಮೆಂಟು, ಎಷ್ಟು ಕಬ್ಬಿಣ ಬೇಕೆಂದು ಮುಂಚಿತವಾಗಿ ಅಂದಾಜು ಮಾಡುವುದು ಅವರ ವೃತ್ತಿ. ಅವರ ಲೆಕ್ಕವನ್ನು ನಂಬಿದ ಕೆಲಸ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಸಾಮಾನಿಲ್ಲದೆ ನಿಂತದ್ದಿಲ್ಲ. ಆದುದರಿಂದ ಮುಫೀದಾಳಿಗೆ ದೋಹಾದ ಕಾಲೇಜೊಂದರಲ್ಲಿ ಸೀಟು ಸಿಕ್ಕಿ, ಶುಲ್ಕದ ನೆರವಿಗೆ ಅರ್ಜಿ ತುಂಬಬೇಕಾದಾಗ ಅವಳು ನೇರವಾಗಿ ಎದುರುಮನೆಗೆ ಹೋದಳು. ಹಾರ್ಡ್‌ವೇರ್ ಅಂಗಡಿಯ ಸೇಲ್ಸ್‌ಮನ್ ಆಗಿದ್ದ ಬಾಪನ ಸಂಬಳದಲ್ಲಿ, ನೆರವಿಲ್ಲದೆ ಆ ಕಾಲೇಜಿನ ಮಾತೇ ಇರಲಿಲ್ಲ.

ಬಾಪನ ಸಂಬಳದ ಅಂಕಣ ಸುಲಭವಾಗಿ ತುಂಬಿತು. ಕಷ್ಟವಾದದ್ದು ಮುಂದಿನ ಎರಡು: ಬರುವ ವರ್ಷ ವಿದ್ಯಾರ್ಥಿ ತಾನೇ ಗಳಿಸಬಹುದಾದ ಹಣ, ಬರಬಹುದಾದ ವಿದ್ಯಾರ್ಥಿವೇತನ.

"ಕಾಲೇಜು ಲೈಬ್ರರಿಯಲ್ಲಿ ವಾರಕ್ಕೆ ಹತ್ತು ಗಂಟೆ ಕೆಲಸ ಸಿಗಬಹುದಂತೆ ಅಂಕಲ್."

"ವರ್ಷಕ್ಕೆ ಐವತ್ತೆರಡು ವಾರ. ಮೇಲೆ ಹತ್ತು ಪರ್ಸೆಂಟ್. ನಮ್ಮ ಕನ್ನಡಿಗರ ಸಂಘದ ಸ್ಕಾಲರ್‌ಶಿಪ್ಪು?"

"ಅರ್ಜಿ ಕೊಟ್ಟಿದ್ದೇನೆ. ಸೆಕ್ರೆಟರಿ ಅಬೂಬಕರ್ ಅಂಕಲ್, 'ಖಲಾಸ್, ಆಯ್ತು ಅಂತ್ಲೇ ತಿಳ್ಕೋ' ಅಂದ್ರು."

"ಹಾಗಾದ್ರೆ ಬರಿ!"

ಮೂರು ವಾರದ ನಂತರ ಉತ್ತರ ಬಂತು. ವಿದ್ಯಾರ್ಥಿನಿಗೆ ಸ್ವಂತ ಗಳಿಕೆಯೂ ವಿದ್ಯಾರ್ಥಿವೇತನವೂ ಸಾಕಷ್ಟಿರುವುದರಿಂದ, ಕೇಳಿದ್ದರಲ್ಲಿ ಅರ್ಧ ನೆರವು ಮಾತ್ರ ಮಂಜೂರು. ಒಪ್ಪಿಗೆ ತಿಳಿಸಲು ಹತ್ತು ದಿನ ಗಡುವು.

ಬಾಪ ಪತ್ರವನ್ನು ಎರಡು ಸಲ ಓದಿ ಮಡಚಿಟ್ಟರು. "ಎಂತ ಮಾಡುವುದು ಮಗಾ? ಒಂದು ವರ್ಷ ಬಿಡುವ."

ಎದುರುಮನೆಗೆ ಮಾತ್ರ ಹೇಳಕೂಡದೆಂದು ಮುಫೀದಾ ಹಟ ಹಿಡಿದಳು. ತನ್ನ ಸೀಟು ಹೋದರೆ ಹೋಗಲಿ, ಇಪ್ಪತ್ತೆರಡು ವರ್ಷ ತಪ್ಪದ ಲೆಕ್ಕ ತನ್ನ ವಿಷಯದಲ್ಲಿ ತಪ್ಪಿತೆಂದು ಅವರಿಗೆ ತಿಳಿಯುವುದು ಅವಳಿಗೆ ಬೇಡವಾಗಿತ್ತು. ಐದು ದಿನ ಅವಳು ಅತ್ತ ಸುಳಿಯಲಿಲ್ಲ. ಆರನೆಯ ದಿನ ವಿಜಯಮ್ಮ ಲಿಫ್ಟಿನ ಬಳಿ ಅವಳನ್ನು ಹಿಡಿದು ನಿಲ್ಲಿಸಿದರು.

"ಏನೇ, ಕಾಲೇಜು ಸೇರೋದಕ್ಕೆ ಮುಂಚೇನೇ ದೊಡ್ಡೋಳಾಗ್ಬಿಟ್ಯಾ?"

ಆಗ ಅವಳಿಗೆ ಅಳು ತಡೆಯಲಾಗಲಿಲ್ಲ.

ಪತ್ರವನ್ನು ಓದಿ ನಾರಾಯಣಸ್ವಾಮಿ ಬಹಳ ಹೊತ್ತು ಕನ್ನಡಕ ಒರೆಸಿದರು. "ಆ ಹತ್ತು ಪರ್ಸೆಂಟ್ ನಾನೇ ಹಾಕಿಸಿದ್ದು ಅಲ್ವೇನಮ್ಮ?" ಎಂದರು. ಮರುದಿನ ಅರ್ಧ ದಿನ ರಜೆ ಹಾಕಿ, ಸೈಟಿನ ಧೂಳು ಮೆತ್ತಿದ ಬೂಟಿನಲ್ಲೇ ಅವಳೊಡನೆ ಕಾಲೇಜಿಗೆ ಬಂದರು. ನೆರವಿನ ವಿಭಾಗದ ಅಧಿಕಾರಿಣಿಯ ಮುಂದೆ ನಿಂತು, ತಮಗೆ ಬಂದ ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಮೇಡಂ, ಸಿಮೆಂಟು ಕಡಿಮೆಯಾದರೆ ನನಗೆ ಅವಮಾನ, ಹೆಚ್ಚಾದರೆ ಯಾರೂ ಬೈಯುವುದಿಲ್ಲ. ಈ ಹುಡುಗಿಯನ್ನೂ ಸಿಮೆಂಟಿನಂತೆಯೇ ಲೆಕ್ಕ ಹಾಕಿದೆ. ತಪ್ಪು ನನ್ನದು, ಅವಳದಲ್ಲ."

ಅಧಿಕಾರಿಣಿ ನಕ್ಕು ಕುರ್ಚಿ ತೋರಿಸಿದರು. ಅಂದಾಜನ್ನು ತಿದ್ದಿಕೊಡಬಹುದೆಂದೂ, ವಿದ್ಯಾರ್ಥಿವೇತನವನ್ನು ಮಂಜೂರಾತಿ ಪತ್ರ ಬಂದ ಮೇಲಷ್ಟೇ ತಿಳಿಸಿದರೆ ಸಾಕೆಂದೂ ಹೇಳಿದರು. ಮುಫೀದಾ ಕ್ಯಾಲೆಂಡರ್ ಬಿಡಿಸಿ ರಜೆಗಳನ್ನೂ ಪರೀಕ್ಷೆಯ ದಿನಗಳನ್ನೂ ಕಳೆದಳು. ಉಳಿದದ್ದು ಇಪ್ಪತ್ತೆಂಟು ವಾರ.

ನಾರಾಯಣಸ್ವಾಮಿಯವರ ಪೆನ್ಸಿಲು ಅಭ್ಯಾಸಬಲದಿಂದ ಆ ಇಪ್ಪತ್ತೆಂಟರ ಪಕ್ಕಕ್ಕೆ ಸರಿಯಿತು. ಮುಫೀದಾ ಕೆಮ್ಮಿದಳು. ಅವರು ಪೆನ್ಸಿಲನ್ನು ಜೇಬಿಗೆ ಸೇರಿಸಿದರು.

ಗಡುವಿಗೆ ಒಂದು ದಿನವಿರುವಾಗ ಪೂರ್ಣ ನೆರವಿನ ಪತ್ರ ಬಂತು. ಬಾಪ ಅದನ್ನು ಹಿಡಿದು ಬರಿಗಾಲಲ್ಲೇ ಎದುರುಮನೆಗೆ ಓಡಿದರು. ಸಂಘದ ವಿದ್ಯಾರ್ಥಿವೇತನ ಆಮೇಲೆ ಬಂದದ್ದು ಕೇಳಿದ್ದರ ಕಾಲುಭಾಗ. ಅದನ್ನೂ ಮುಫೀದಾ ಕಾಲೇಜಿಗೆ ತಿಳಿಸಿದಳು.

ಈಗ ಅವಳು ಎರಡನೆಯ ವರ್ಷದಲ್ಲಿದ್ದಾಳೆ. ನಾರಾಯಣಸ್ವಾಮಿ ಇಂದಿಗೂ ನಸುಕಿನಲ್ಲಿ ಮೆಸಯೀದ್‌ನ ಬಸ್ಸು ಹತ್ತುತ್ತಾರೆ. ಶನಿವಾರ ಸಂಜೆ ಮಾತ್ರ ಅವರ ಊಟದ ಮೇಜಿನ ತುಂಬ ಅರ್ಜಿಗಳು. ದೂರದ ಅಲ್ ಅಜೀಜಿಯಾ ಬಡಾವಣೆಯಿಂದಲೂ ಮಕ್ಕಳು ಬರುತ್ತಾರೆ. ಯಾರಾದರೂ ಸ್ಕಾಲರ್‌ಶಿಪ್ಪಿನ ಮಾತೆತ್ತಿದರೆ, "ಪತ್ರ ಕೈಗೆ ಬಂತೇನಪ್ಪಾ?" ಎನ್ನುತ್ತಾರೆ. ಗಳಿಕೆಯ ಅಂಕಣ ಬಂದೊಡನೆ ಪೆನ್ಸಿಲನ್ನು ಮುಫೀದಾಳ ಕೈಗೆ ಕೊಟ್ಟು ಅಡುಗೆಮನೆಗೆ ಎದ್ದುಹೋಗುತ್ತಾರೆ. ಅಲ್ಲಿಂದ ಅವರ ದನಿ ಕೇಳಿಸುತ್ತದೆ:

"ವಿಜಯಾ, ಆರು ಜನ ಇದಾರೆ. ಏಳು ಲೋಟ ಕಾಫಿ ಇಡು."