ಕಪ್ಪೋ, ಕಡುನೀಲಿಯೋ?

ಬಿಸಿಲು ಇನ್ನೂ ಎದುರುಸಾಲಿನ ಮಹಡಿಗಳನ್ನು ದಾಟಿಲ್ಲ. ಇಸ್ತ್ರಿ ಅಂಗಡಿಯ ಮೆಟ್ಟಿಲ ಮೇಲೆ ಕೂತ ಹೆಂಗಸೊಬ್ಬರು ಬೂದು ಪ್ಯಾಂಟೊಂದನ್ನು ಮಂಡಿಯ ಮೇಲೆ ಹರಡಿಕೊಂಡು, ಅದರ ಒಳಮಡಿಕೆಯಿಂದ ಒಂದೊಂದೇ ಎಳೆಯನ್ನು ಸೂಜಿಮೊನೆಯಲ್ಲಿ ಬಿಡಿಸುತ್ತಿದ್ದಾರೆ. ಕಿಡಿ ಬಿದ್ದು ಆದ ತೂತು, ಕಡಲೆಕಾಳಿನಷ್ಟು. ಉದ್ದದ ಎಳೆಗಳನ್ನು ಹಾಸಿ, ಅವುಗಳ ನಡುವೆ ಅಡ್ಡ ಎಳೆ ನುಸುಳಿಸುತ್ತಾರೆ. ನೋಡುತ್ತಿದ್ದಂತೆಯೇ ತೂತು ಮುಚ್ಚಿಹೋಗುತ್ತದೆ. "ಎಲ್ಲಿತ್ತು ಹೇಳಿ?" ಎನ್ನುತ್ತಾರೆ. ನಾನು ಬೆರಳಿಟ್ಟು ತೋರಿಸಿದ್ದು ತಪ್ಪು ಜಾಗ. ಅವರಿಗೆ ನಗು.

ಬೀದಿಗೆಲ್ಲ ಇವರು ರಫೂ ಅಕ್ಕ. ಸುಟ್ಟ, ಹರಿದ, ನುಸಿ ತಿಂದ ಬಟ್ಟೆಯನ್ನು ಎಳೆಗೆ ಎಳೆ ಹೆಣೆದು ಮೊದಲಿನಂತೆ ಮಾಡುವ ಈ ಕಸುಬು ತಂದೆಯಿಂದ ಬಂದದ್ದು. ಸೇರಿದ ಮನೆ ಇಸ್ತ್ರಿಯವರದ್ದು. ಗಂಡ ತೀರಿಕೊಂಡ ಮೇಲೆ ಇಸ್ತ್ರಿಪೆಟ್ಟಿಗೆ ಹಿಡಿದವಳು ನಾದಿನಿ. ಅಂಗಡಿಯ ಅರ್ಧ ಅವಳ ಮೇಜಿಗೆ, ಅರ್ಧ ಇವರ ದಾರದುಂಡೆಗಳಿಗೆ. ದಿನಕ್ಕೆ ಏಳೆಂಟು ತೂತು ಮುಚ್ಚಿದರೆ ಅದು ಒಳ್ಳೆಯ ದಿನ. ದಾರದ ಬಣ್ಣ ಹೊಂದಿಸುವುದನ್ನು ಮಾತ್ರ ಬೆಳಗಾಗುತ್ತಲೇ ಮುಗಿಸುತ್ತಾರೆ. "ಬಲ್ಬು ಸುಳ್ಳು ಹೇಳತ್ತೆ. ಬೆಳಗಿನ ಬೆಳಕು ಹೇಳಲ್ಲ."

ಹೋದ ವರ್ಷ ಬೆಳಗಿನ ಬೆಳಕೂ ಸುಳ್ಳು ಹೇಳತೊಡಗಿತು.

ದೊಡ್ಡ ಹೋಟೆಲೊಂದರ ಬಾಗಿಲಲ್ಲಿ ನಿಂತು ಬಂದವರಿಗೆ ಸಲಾಮು ಹೊಡೆಯುವ ಹಿರಿಯರೊಬ್ಬರು ತಮ್ಮ ಸಮವಸ್ತ್ರದ ಕೋಟು ತಂದು ಮೇಜಿನ ಮೇಲೆ ಹಾಕಿದರು. ಹಿಂದಿನ ವಾರ ರಫೂ ಮಾಡಿಸಿಕೊಂಡು ಹೋದ ಕೋಟು. "ಕಡುನೀಲಿಗೆ ಕರಿ ದಾರ ಹಾಕಿದ್ದೀರಲ್ಲ ಅಕ್ಕ! ನಾಲ್ಕು ಜನರ ಮುಂದೆ ಮ್ಯಾನೇಜರು ನನ್ನ ಮರ್ಯಾದೆ ತೆಗೆದ್ರು."

"ನಾನು ಹಾಕಿದ್ದು ನೀಲಿನೇ ಅಣ್ಣ," ಎಂದರು ರಫೂ ಅಕ್ಕ. ನಾದಿನಿ ಬಗ್ಗಿ ನೋಡಿದಳು. "ಅತ್ತಿಗೆ, ಇದು ಕಪ್ಪು." ಇವರಿಗೆ ಸಿಟ್ಟು ನೆತ್ತಿಗೇರಿತು. ಮಾತಿಗೆ ಮಾತು ಬೆಳೆಯಿತು. ಆ ಹಿರಿಯರು ಕೋಟು ಎತ್ತಿಕೊಂಡು ಹೊರಟೇಹೋದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರಫೂ ಅಕ್ಕ ದಾರಕ್ಕೆ ಬಣ್ಣ ಹಾಕಿದವನನ್ನು ಬೈದರು, ದಾರದಂಗಡಿ ಬದಲಿಸಿದರು, ಕಿಟಕಿಯ ಗಾಜನ್ನು ಮತ್ತೆ ಮತ್ತೆ ಉಜ್ಜಿದರು. ಸಂಜೆ ಬೀದಿದೀಪಗಳ ಸುತ್ತ ಬಳೆಯಂತೆ ಬೆಳಕು ಹಬ್ಬುತ್ತಿತ್ತು. ಅದು ಹೊಗೆಯಿಂದ ಎಂದುಕೊಂಡರು. ಸೂಜಿಗೆ ದಾರ ಸಲೀಸಾಗಿ ಪೋಣಿಸುತ್ತಿದ್ದುದರಿಂದ ಕಣ್ಣಿನ ಮೇಲೆ ಅನುಮಾನವೇ ಬರಲಿಲ್ಲ. ಬಂದರೂ ಒಪ್ಪುವ ಧೈರ್ಯ ಇರಲಿಲ್ಲವೇನೋ. "ರಫೂ ಮಾಡೋಳಿಗೆ ಕಣ್ಣು ಮಂಜಾಗಿದೆ ಅಂತ ಗೊತ್ತಾದ್ರೆ ಬಟ್ಟೆ ಯಾರು ಕೊಡ್ತಾರೆ, ಹೇಳಿ?" ಹಾಗಾಗಿ ಒಂದು ಉಪಾಯ ಹೂಡಿದರು. ಎರಡು ಉಂಡೆ ಹಿಡಿದು ನಾದಿನಿಯನ್ನು ಕೇಳುವುದು: "ಇದರಲ್ಲಿ ನಿಂಗೆ ಯಾವ್ದು ಇಷ್ಟ?" ಅವಳು "ನೀಲೀದು" ಎಂದರೆ ಮುಖ ನೋಡಿ, ಕೈ ನೋಡಿ, ಯಾವುದೆಂದು ತಿಳಿದುಕೊಳ್ಳುವುದು.

"ನಂಗೆ ಗೊತ್ತಾಗ್ತಿತ್ತು," ಎನ್ನುತ್ತಾಳೆ ನಾದಿನಿ, ಕಾಲರಿನ ಮೇಲೆ ಪೆಟ್ಟಿಗೆ ಒತ್ತುತ್ತಾ. "ನನ್ನ ಇಷ್ಟ ಕೇಳೋ ಪೈಕಿಯೇ ಅಲ್ಲ ಇವರು."

ಗುಟ್ಟು ರಟ್ಟಾದದ್ದು ಒಂದು ಉಣ್ಣೆಯ ಎಳೆಯಿಂದ. ಶಾಲು ಕೊಡವುವಾಗ ಅದು ಎಡಗಣ್ಣಿಗೆ ಬಿತ್ತು. ಅಂಗೈಯಿಂದ ಆ ಕಣ್ಣು ಮುಚ್ಚಿಕೊಂಡು ದಾರ ಹುಡುಕಿದರೆ ಕೈಗೆ ಸಿಕ್ಕ ಉಂಡೆ ಬಲಗಣ್ಣಿಗೆ ಕಪ್ಪು. ಎಳೆ ತೆಗೆದ ಮೇಲೆ ಎಡಗಣ್ಣಲ್ಲಿ ನೋಡಿದರೆ ಅದೇ ಉಂಡೆ ನೀಲಿಯ ಕಡೆಗೆ ವಾಲಿತ್ತು. ಬಲಗಣ್ಣು ಮುಚ್ಚಿದರು, ತೆರೆದರು. ಎಡಗಣ್ಣು ಮುಚ್ಚಿದರು, ತೆರೆದರು. ಬಿಳಿ ಅಂಗಿ ತಂದರು. ಬಲಗಣ್ಣಿಗೆ ಅದು ಚಹಾದಲ್ಲಿ ಅದ್ದಿದ ಹಾಗಿತ್ತು.

"ಹೆದರಿಕೆ ಆಗಲಿಲ್ವಾ?" ಎಂದು ಕೇಳುತ್ತೇನೆ.

"ಮೊದಲು ಮಜಾ ಅನಿಸ್ತು. ಅರೆ, ಒಂದೇ ಅಂಗಿ, ಎರಡು ಬಣ್ಣ! ಅಂಗಡೀಲಿದ್ದ ಬಟ್ಟೆ ಎಲ್ಲಾ ನೋಡಿಬಿಟ್ಟೆ. ಆಮೇಲೆ ಹೆದರಿ ಇವಳಿಗೆ ಎಲ್ಲಾ ಹೇಳಿಬಿಟ್ಟೆ."

ಆಗ ನಾದಿನಿ ಪೆಟ್ಟಿಗೆ ಆರಿಸಿದಳು. "ಎದ್ದೇಳಿ ಅತ್ತಿಗೆ, ಹೋಗೋಣ" ಎಂದಳು. ಅಷ್ಟೇ.

ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಎರಡರಲ್ಲೂ ಪೊರೆ ಇದೆ, ಬಲಗಣ್ಣಿನದು ಬಲಿತಿದೆ ಎಂದರು. ಪೊರೆ ಹಳದಿಗಟ್ಟಿದ ಗಾಜಿನಂತೆ. ಬರುವ ನೀಲಿಯನ್ನೆಲ್ಲ ಅದೇ ನುಂಗುತ್ತದೆ. ನಿಧಾನವಾಗಿ ಬೆಳೆಯುವುದರಿಂದ ಎಷ್ಟೋ ಜನಕ್ಕೆ ತಿಳಿಯುವುದೇ ಇಲ್ಲ. "ಬಣ್ಣದಿಂದ ಗುರುತು ಹಿಡಿದುಕೊಂಡು ಬಂದವರು ಕಡಿಮೆ ಅಮ್ಮ," ಎಂದರಂತೆ. ಅದು ಹೊಗಳಿಕೆಯೋ ಬೈಗುಳವೋ ರಫೂ ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಬಂದವರು ಬಚ್ಚಲಲ್ಲಿ ಮುಖ ತೊಳೆಯಲು ಹೋಗಿ ಕೂಗಿದರು: "ಹೊಸ ಬಕೆಟ್ ಯಾವಾಗ ತಂದೆ?" ಹಳೆಯದೇ. ಬೂದು ಎಂದುಕೊಂಡಿದ್ದ ಬಕೆಟ್ಟು ನೀಲಿಯಾಗಿತ್ತು. ಕಣ್ಣಿಗೆ ನೀರು ತಾಕಿಸಬೇಡಿ ಅಂದಿದ್ದಾರಲ್ಲ ಎಂದು ನಾದಿನಿ ಕೈ ಹಿಡಿದು ಆಚೆಗೆ ಎಳೆದುಕೊಂಡು ಬಂದಳು.

ಮತ್ತೆ ಸೂಜಿ ಹಿಡಿಯಬಹುದೆಂದು ಡಾಕ್ಟರು ಹೇಳಿದ ದಿನವೇ ರಫೂ ಅಕ್ಕ ಹೋಟೆಲಿನ ಬಾಗಿಲಿಗೆ ಹೋದರು. "ತಪ್ಪು ನನ್ನದೇ ಅಣ್ಣ. ಕೋಟು ಕೊಡಿ." ಅವರು ಕೈಯಾಡಿಸಿದರು, "ಈಗ ಯಾರೂ ಏನೂ ಅನ್ನಲ್ಲ, ಬಿಡಿಯಮ್ಮ." ಇವರು ಬಿಡಲಿಲ್ಲ. ಕರಿ ಎಳೆಗಳನ್ನೆಲ್ಲ ಕಿತ್ತು, ಕೋಟಿನದೇ ಒಳಅಂಚಿನಿಂದ ನೀಲಿ ಎಳೆ ತೆಗೆದು, ಒಂದಿಡೀ ಬೆಳಗು ಕೂತು ಹೆಣೆದರು. ಕೋಟು ತೊಟ್ಟವರು ತೋಳನ್ನು ತಿರುಗಿಸಿ ತಿರುಗಿಸಿ ನೋಡಿ, ಯಾವ ತೋಳು ಎಂದು ಕೇಳಿದರಂತೆ.

ಸೂಜಿ ಕೆಲಸಕ್ಕೆ ಈಗ ಕನ್ನಡಕ ಬೇಕು. ಎಡಗಣ್ಣಿನ ಸರದಿ ಇನ್ನೂ ಬಾಕಿ. ಮಳೆಗಾಲದೊಳಗೆ ಅದನ್ನೂ ಮುಗಿಸಿಕೊಳ್ಳಬೇಕು ಎನ್ನುವುದಷ್ಟೇ ಆಸೆ. ಪ್ಯಾಂಟನ್ನು ಮಡಿಸಿಟ್ಟು ಅವರು ಮುಂದಿನ ಬಟ್ಟೆಗೆ ಕೈ ಹಾಕುತ್ತಾರೆ. ಇಷ್ಟು ಚೆಂದದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ.

ರಫೂ ಅಕ್ಕ ಸೂಜಿಯನ್ನು ಬೆಳಕಿಗೆ ಹಿಡಿಯುತ್ತಾರೆ.

"ಕಣ್ಣಿಗೆ ಬಿದ್ರೆ ಅದು ರಫೂನೇ ಅಲ್ಲ. ನಾನು ಮಾಡಿದ್ದು ಊರಲ್ಲಿ ಯಾರಿಗೂ ಕಾಣಬಾರದು. ನಂಗೊಬ್ಬಳಿಗೆ ಕಂಡ್ರೆ ಸಾಕು."