ಅಕ್ಕನ ಉಪವಾಸಕ್ಕೆ ಡಾಕ್ಟರು ಬರೆದುಕೊಟ್ಟ ಜೆಲ್ಲಿ

ನಮ್ಮ ಅಕ್ಕನಿಗೆ ವಾರದಲ್ಲಿ ಐದು ದಿನ ಉಪವಾಸ. ನಮ್ಮ ಕಡೆ ಇದಕ್ಕೆ ವಾರ ಹಿಡಿಯುವುದು ಎನ್ನುತ್ತಾರೆ. ಸೋಮವಾರ ಈಶ್ವರನದು, ಮಂಗಳವಾರ ಎಲ್ಲವ್ವನದು, ಗುರುವಾರ ಮಠದ ಅಜ್ಜನವರದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಹಣಮಪ್ಪನದು. ಉಳಿದ ಎರಡು ದಿನಗಳಲ್ಲಿ ಅಮಾವಾಸ್ಯೆಯೋ ಏಕಾದಶಿಯೋ ಬಿದ್ದರೆ ಅದೂ ಅವಳದೇ. (ದೇವರುಗಳಿಗಾದರೂ ರಜೆ ಬೇಡವೇ?)

ಅಕ್ಕ ಎಂದರೆ ನನ್ನ ಚಿಕ್ಕವ್ವನ ಮಗಳು. ತಿಕೋಟಾ ಕಡೆಯ ಹಳ್ಳಿಯಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದಾಳೆ. (ಬರಿ, ಆದರೆ ಊರ ಹೆಸರು ಹಾಕಬೇಡ ಎಂದಿದ್ದಾಳೆ.) ಐವತ್ತು ದಾಟಿದ ಮೇಲೆ ಅವಳ ಭಕ್ತಿ ಎಷ್ಟು ಏರಿತೆಂದರೆ, ಬಬಲೇಶ್ವರದಿಂದ ಬರುವ ಬೀಗರೂ ಅವಳ ಕಾಲು ಮುಟ್ಟಿ ಹೋಗುತ್ತಾರೆ.

ಹೋದ ವಾರ ತೋಟದಲ್ಲಿ ತಲೆ ತಿರುಗಿ ಬಿದ್ದಳು. ಅವಳ ಗಂಡ, ನಮ್ಮ ಮಾಮಾ, ಗಾಬರಿಯಾಗಿ ವಿಜಯಪುರಕ್ಕೆ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟರು. ನನಗೆ ಗುರುತಿನ ಲೇಡಿ ಡಾಕ್ಟರ್ ಒಬ್ಬರಿದ್ದಾರೆ. ಅವರ ಬಳಿ ಕರೆದೊಯ್ದೆ.

ಡಾಕ್ಟರು ಬಿಪಿ ನೋಡಿದರು, ಕಣ್ಣು ಬಿಡಿಸಿ ನೋಡಿದರು. "ಇಷ್ಟ್ಯಾಕ ವಾರ ಹಿಡದೀರಿ ಅಕ್ಕಾರ?" ಎಂದು ಕೇಳಿದರು.

ಅಕ್ಕ ಗೋಡೆ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ವಾರ ಹಿಡದಾಕಿ ಗಂಡನ ಹಾಸಿಗಿಗೆ ಹೋಗಂಗಿಲ್ಲಲ್ರಿ. ಅದಕ್ಕ" ಅಂದಳು.

ಮುಟ್ಟು ನಿಂತ ಮೇಲೆ ಗಂಡನ ಜೊತೆ ಮಲಗಿದರೆ ಒಳಗೆ ಉರಿ, ನೋವು. ಬೇಡ ಎನ್ನಲು ನಾಚಿಕೆ. ಈ ವಯಸ್ಸಿನಲ್ಲಿ ಯಾರನ್ನು ಕೇಳುವುದು? ಮೊದಲು ಸೋಮವಾರ ಹಿಡಿದಳು. ನಂತರ ಗುರುವಾರ. ನಡುವೆ ಒಮ್ಮೆ ಧೈರ್ಯ ಮಾಡಿ ತಲೆಗೆ ಹಚ್ಚುವ ಘಮಘಮ ಎಣ್ಣೆಯನ್ನೇ ಹಚ್ಚಿಕೊಂಡಳಂತೆ. ಉರಿ ಹೋಗಿ ತುರಿಕೆ ಬಂತು. ಜ್ವರವೂ ಬಂತು.

"ಅವತ್ತು ಶನಿವಾರ ಇತ್ತರಿ. ಹಣಮಪ್ಪ ಮುನಿದಾನ ಅಂತ ತಪ್ಪು ಕಾಣಿಕಿ ಕಟ್ಟಿ, ಶನಿವಾರಾನೂ ಹಿಡದೆ."

"ಹಣಮಪ್ಪಂದೇನೂ ತಪ್ಪಿಲ್ಲರಿ ಅಕ್ಕಾರ. ತಪ್ಪು ಎಣ್ಣಿದು" ಎಂದರು ಡಾಕ್ಟರು.

ಆಮೇಲೆ ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದೇನು ಎಂದು ಹುಬ್ಬೇರಿಸಬೇಡಿ. ನಾವು ಹಾಗೆ ಹುಬ್ಬೇರಿಸಿದ್ದಕ್ಕೇ ಅಕ್ಕ ಹಸಿದು ಬಿದ್ದದ್ದು.

ಮುಟ್ಟು ನಿಂತಾಗ ಒಳಗಿನ ಪಸೆ ಆರುತ್ತದೆ. ಅದಕ್ಕೆಂದೇ ಲ್ಯೂಬ್ರಿಕೆಂಟ್ ಎಂಬ ಜೆಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ನೀರಿನಿಂದ ಮಾಡಿದ್ದು ಒಂದು ಬಗೆ. ತೊಳೆದರೆ ಹೋಗುತ್ತದೆ, ಹಾಸಿಗೆಗೆ ಕಲೆಯಾಗುವುದಿಲ್ಲ, ಕಾಂಡೋಮ್ ಬಳಸುವವರಿಗೂ ನಡೆಯುತ್ತದೆ. ಬೇಗ ಒಣಗುವುದೊಂದೇ ಅದರ ಕಿರಿಕಿರಿ, ಮತ್ತೆ ಹಚ್ಚಬೇಕು. ಸಿಲಿಕೋನಿನದು ಸ್ವಲ್ಪವೇ ಸಾಕು, ಬಹಳ ಹೊತ್ತು ಜಾರಿಕೆ ಉಳಿಯುತ್ತದೆ. ಕಾಂಡೋಮ್‌ಗೆ ಅದೂ ತೊಂದರೆ ಮಾಡುವುದಿಲ್ಲ. ಆದರೆ ತುಟ್ಟಿ, ಸೋಪು ಹಚ್ಚದೆ ಹೋಗುವುದೂ ಇಲ್ಲ.

"ಕುಸುಬಿ ಎಣ್ಣಿ ಮನ್ಯಾಗ ಐತ್ರಿ, ನಡೀತದೇನು?" ಅಕ್ಕ ನಡುವೆಯೇ ಕೇಳಿದಳು.

"ಅದು ಒಗ್ಗರಣಿಗೆ ಇರ್ಲಿ ಬಿಡ್ರಿ."

ಎಣ್ಣೆ, ಪೆಟ್ರೋಲಿಯಂ ಜೆಲ್ಲಿಗಳು ಜಾರುವುದೇನೋ ನಿಜ. ಆದರೆ ಒಳಗೇ ಉಳಿದು ಕೆಲವರಿಗೆ ಸೋಂಕು ತರುತ್ತವೆ. ಇವುಗಳಿಂದ ರಬ್ಬರ್ ಕಾಂಡೋಮ್ ಹರಿಯುವುದೂ ಉಂಟು. ಇನ್ನು ವಾಸನೆಯದು, ರುಚಿಯದು, ಬಿಸಿ ಮಾಡುವಂಥದ್ದು ಎಂದು ಬಣ್ಣದ ಡಬ್ಬಿಗಳು ಬರುತ್ತವಲ್ಲ, ಒಣಗಿದ ಮೈಗೆ ಅವು ಇನ್ನಷ್ಟು ಉರಿ. ಜೆಲ್ಲಿಗೂ ಬಗ್ಗದಿದ್ದರೆ ಹಾರ್ಮೋನಿನ ಕ್ರೀಮ್ ಇದೆ, ಅದನ್ನು ಮಾತ್ರ ಪರೀಕ್ಷೆ ಮಾಡಿ ಡಾಕ್ಟರೇ ಬರೆದುಕೊಡಬೇಕು.

ಅಕ್ಕನಿಗೆ ನೀರಿನದನ್ನು ಬರೆದುಕೊಟ್ಟರು. ಅಂಗಡಿಯವನು ಒಂದು ಸಣ್ಣ ಟ್ಯೂಬ್ ಕೊಟ್ಟ. ಆಟೋದಲ್ಲಿ ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇಷ್ಟೇ ಏನ ಬೇ?" ಅಂದಳು.

ಹೌದು ಎಂದರೆ ಅಷ್ಟು ವರ್ಷ ಸುಮ್ಮನೆ ಹೋದವು ಎಂದಂತೆ. ಅಲ್ಲ ಎಂದರೆ ಸುಳ್ಳು.

ಅವತ್ತೇ ಸಂಜೆ ಊರಿಗೆ ಹೋದವಳು ಮರುದಿನ ಫೋನ್ ಮಾಡಿದಳು. "ಅವರಿಗೆ ಎಲ್ಲಾ ಹೇಳೇನಿ."

"ಮಾಮಾ ಏನಂದ್ರು?"

"'ನನ್ನ ಬೀಡಿ ವಾಸನಿ ನಿನಗ ಆಗಂಗಿಲ್ಲ, ಅದಕ್ಕ ವಾರ ಹಿಡಿತಿ ಅಂತ ತಿಳದಿದ್ದೆ. ಬೀಡಿ ಬಿಟ್ಟೆ. ಬಿಟ್ಟ ಮ್ಯಾಲೂ ನೀ ಮತ್ತೊಂದು ವಾರ ಹಿಡದಿ. ಹಂಗಾದ್ರ ನಾನ ಆಗಂಗಿಲ್ಲ ಅಂತ ಹಾಸಿಗಿ ಪಡಸಾಲಿಗೆ ಒಯ್ದೆ' ಅಂದ್ರು."

ಮಾಮಾ ಯಾಕೆ ಬೀಡಿ ಬಿಟ್ಟರು ಎಂದು ಯಾರೂ ಕೇಳಿರಲಿಲ್ಲ. ಹೆಂಡತಿಯ ಭಕ್ತಿ ಗಂಡನಿಗೂ ತಾಗಿದೆ ಎಂದು ನಾವೆಲ್ಲ ಹೊಗಳಿದ್ದೆವು.

"ಈಗೇನು ಮಾಡ್ತೀರಿ?" ಎಂದೆ.

"ನಡುಮನಿಗೆ ಬರ್ರಿ ಅಂದೆ. ಬಂದ್ರು. ಪಾಪ, ಪಡಸಾಲಿ ರೂಢಿ ಆಗೇದ ನೋಡು, ನಿದ್ದಿನ ಬರಲಿಲ್ಲ. ಮುಂಜಾನಿ ಎದ್ದು ನೋಡಿದ್ರ ಮತ್ತ ಅಲ್ಲೇ ಹೋಗಿ ಮಲಗ್ಯಾರ."

ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು ಎನ್ನುವುದು ಸುಲಭ. ಆ ಮಾತನ್ನು ಆಡಲು ಅವರಿಬ್ಬರಿಗೆ ನಮ್ಮಲ್ಲಿ ಯಾರು ಕಲಿಸಿದ್ದರು, ಹೇಳಿ?